ಒಂದೇ ತರಗತಿಯಲ್ಲಿ ಇಬ್ಬರು ರೇಣುಕಾ

ಹೋದ ಮಳೆಗಾಲದಲ್ಲಿ ಶಿವಮೊಗ್ಗದ ನನ್ನ ಆಪ್ತಸಲಹೆಯ ಕೊಠಡಿಗೆ ಸೊರಬದ ಕಡೆಯ ತಾಯಿ, ಮಗಳು ಬಂದರು. ಮಗಳಿಗೆ 16 ವರ್ಷ. ಪ್ರಥಮ ಪಿಯುಸಿ ವಿಜ್ಞಾನ ಓದುತ್ತಾ ಇಲ್ಲೇ ಹಾಸ್ಟೆಲ್‌ನಲ್ಲಿದ್ದಳು. ಮೂರು ವಾರದಿಂದ ಕಾಲೇಜಿಗೆ ಹೋಗಿರಲಿಲ್ಲ. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಗುರುತು ಸಿಗುವಂಥ ವಿವರ ಎಲ್ಲ ಬದಲಿಸಿದ್ದೇನೆ. ಹುಡುಗಿಯನ್ನು ರೇಣುಕಾ ಎಂದಿಟ್ಟುಕೊಳ್ಳಿ.

ಮೊದಲು ಮಾತಾಡಿದ್ದು ತಾಯಿ. "ಹೆಸರು ಬದಲಿಸಿ ಅಂತ ಹಟ ಹಿಡಿದಿದ್ದಾಳೆ ಮೇಡಂ. ಚಂದ್ರಗುತ್ತಿ ರೇಣುಕಮ್ಮನಿಗೆ ಹರಕೆ ಹೊತ್ತು ಹುಟ್ಟಿದ ಮಗು ಇದು. ಆ ಹೆಸರನ್ನ ಹೇಗೆ ತೆಗೀಲಿ?" ಹೇಳುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮಗಳು ತಲೆ ಎತ್ತಲಿಲ್ಲ. ಅವಳ ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ ಇತ್ತು. ನಮ್ಮ ಕಡೆ ಪಾತ್ರೆ ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿ ಕೊಡುತ್ತಾರಲ್ಲ, ಹಾಗೆ ಮುಚ್ಚಳದ ಮೇಲೆ "ರೇಣುಕಾ ಎಂ." ಎಂದಿತ್ತು. ಆ ಅಕ್ಷರಗಳ ಮೇಲೆ ಯಾವುದೋ ಮೊಳೆಯಿಂದ ಗೀಚಿದ ಗುರುತುಗಳಿದ್ದವು. ಒಂದೆರಡಲ್ಲ, ಹತ್ತಾರು. ತಾಯಿಗೆ ಅದು ಕಂಡಿರಲಿಲ್ಲ.

ತಾಯಿಯನ್ನು ಹೊರಗೆ ಕೂರಿಸಿ ಮಾತಾಡಿಸಿದಾಗ ನಿಧಾನವಾಗಿ ವಿಷಯ ಹೊರಬಂತು. ತರಗತಿಯಲ್ಲಿ ಇನ್ನೊಬ್ಬಳು ರೇಣುಕಾ ಇದ್ದಳು, ರಿಪ್ಪನ್‌ಪೇಟೆ ಕಡೆಯವಳು. ಇವಳ ಅಪ್ಪ ಮಂಜಪ್ಪ, ಅವಳ ಅಪ್ಪ ಮಂಜುನಾಥ. ಹಾಗಾಗಿ ಹಾಜರಿ ಪುಸ್ತಕದಲ್ಲಿ ಇಬ್ಬರೂ "ರೇಣುಕಾ ಎಂ." ಮೊದಲ ಕೆಲವು ದಿನ ಉಪನ್ಯಾಸಕರು ರೋಲ್ ನಂಬರ್ ಹಿಡಿದು ಕರೆದರು. ಆಮೇಲೆ ಹುಡುಗರು ತಮ್ಮದೇ ದಾರಿ ಕಂಡುಕೊಂಡರು. ಅವಳು ಬಿಳಿ ರೇಣುಕಾ, ಇವಳು ಕರಿ ರೇಣುಕಾ.

ಅಷ್ಟರವರೆಗೂ ತಡೆದುಕೊಂಡಿದ್ದಳು. ಒಂದು ದಿನ ಕಿರುಪರೀಕ್ಷೆಯ ಉತ್ತರಪತ್ರಿಕೆ ಹಂಚುವಾಗ ಉಪನ್ಯಾಸಕರೇ "ಇದು ಯಾವ ರೇಣುಕಾದು? ಬಿಳೀದಾ, ಕರೀದಾ?" ಎಂದುಬಿಟ್ಟರು. ಇಡೀ ತರಗತಿ ನಕ್ಕಿತು. ಅವರಿಗೆ ನೋಯಿಸುವ ಉದ್ದೇಶ ಇರಲಿಲ್ಲ, ಅದನ್ನು ಆಮೇಲೆ ಅವರ ಬಾಯಿಂದಲೇ ಕೇಳಿದ್ದೇನೆ. ಆದರೆ ಅವತ್ತಿಂದ ಇವಳು ದಿನಕ್ಕೆ ಏಳೆಂಟು ಸಲ ಮುಖ ತೊಳೆಯತೊಡಗಿದಳು. ಹಾಸ್ಟೆಲ್ ಗೆಳತಿ ಕೊಟ್ಟ ಯಾವುದೋ ಕ್ರೀಮು ಹಚ್ಚತೊಡಗಿದಳು. ಊಟ ಕಡಿಮೆಯಾಯಿತು. ಕೊನೆಗೆ ಊರಿಗೆ ಹೋದವಳು ವಾಪಸ್ ಬರಲಿಲ್ಲ.

ಮೊದಲ ಭೇಟಿಯಲ್ಲಿ ನಾನು ಒಂದು ತಪ್ಪು ಮಾಡಿದೆ. "ಅವರು ಏನೇ ಕರೀಲಿ, ನೀನು ಕಿವಿಗೆ ಹಾಕ್ಕೋಬೇಡ" ಎಂದೆ. ಅವಳು ನನ್ನನ್ನೇ ನೋಡಿ, "ನನ್ನ ಹೆಸರು ಕರೆದಾಗ ನಾನು ಕಿವಿ ಮುಚ್ಕೋಬೇಕಾ ಮೇಡಂ?" ಎಂದಳು. ನನ್ನ ಬಳಿ ಉತ್ತರ ಇರಲಿಲ್ಲ. ದಯವಿಟ್ಟು ಮಕ್ಕಳಿಗೆ ಆ ಮಾತು ಹೇಳಬೇಡಿ. ಹೆಸರು ಕರೆದರೆ ತಿರುಗಿ ನೋಡುವುದನ್ನು ಮಗು ಅಂಬೆಗಾಲಿಡುವ ಮೊದಲೇ ಕಲಿತಿರುತ್ತದೆ. ಅದನ್ನು ಬಿಡು ಎಂದರೆ ಎಲ್ಲಿಂದ ಬಿಟ್ಟೀತು?

ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಅದೇ ಯೋಚನೆ ತಲೆಗೆ ಹೊಕ್ಕುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಇಲ್ಲ ಎಂದಳು. ಆದರೂ ರಾತ್ರಿ ಹೊತ್ತು ಬೇಕಾದೀತು ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವಳ ನೋಟ್‌ಬುಕ್ಕಿನಲ್ಲಿ ಬರೆಸಿದೆ. ಅದು ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕ್ರೀಮಿನ ಟ್ಯೂಬು ನೋಡಿದರೆ ಸ್ಟೀರಾಯ್ಡ್ ಇದ್ದದ್ದು. ಇಂಥದ್ದನ್ನು ವೈದ್ಯರನ್ನು ಕೇಳದೆ ಮುಖಕ್ಕೆ ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ, ಮೊಡವೆ ಏಳುತ್ತವೆ, ಬಿಟ್ಟರೆ ಉರಿ ಶುರುವಾಗುತ್ತದೆ. ತಾನಾಗಿ ನಿಲ್ಲಿಸದೆ ಚರ್ಮದ ವೈದ್ಯರ ಬಳಿ ಹೋಗಲು ಹೇಳಿದೆ.

ಎರಡನೇ ಸಲ ತಂದೆಯನ್ನೂ ಕರೆಸಿದೆ. ಅಡಿಕೆ ತೋಟದವರು. ಒಂದು ಕಾಲು ಎಳೆದು ಹಾಕುತ್ತಾ ಒಳಗೆ ಬಂದರು. "ಇದೇನು ದೊಡ್ಡ ವಿಷಯ ಮೇಡಂ? ನಮ್ಮೂರಲ್ಲಿ ನಾಲ್ಕು ಜನ ಮಂಜಪ್ಪ ಇದ್ದೀವಿ. ನನ್ನನ್ನ ಕುಂಟ ಮಂಜ ಅಂತಾರೆ. ನಾನೇನು ಹೆಸರು ಬದಲಿಸಿದ್ನಾ?"

"ಯಾವಾಗಿಂದ ಹಾಗೆ ಕರೀತಾರೆ?"

"ಅಡಿಕೆ ಕೊನೆ ತೆಗೆಯೋವಾಗ ಮರದಿಂದ ಬಿದ್ದಾಗಿಂದ." ಸ್ವಲ್ಪ ಹೊತ್ತು ಸುಮ್ಮನಾದರು. "ಬಿದ್ದಿದ್ದು ಒಂದು ದಿನ. ಕರೆಯೋದು ಇಪ್ಪತ್ತೆರಡು ವರ್ಷ ಆಯ್ತು."

ಮಗಳು ಮೊದಲ ಬಾರಿ ತಲೆ ಎತ್ತಿ ಅಪ್ಪನನ್ನು ನೋಡಿದಳು.

ಒಂದೇ ಹೆಸರಿನವರು ಹೆಚ್ಚಿರುವುದು ನಮ್ಮ ಕಡೆ ಹೊಸದೇನಲ್ಲ. ಚಂದ್ರಗುತ್ತಿಗೆ ನಡೆದುಕೊಳ್ಳುವ ಮನೆಗಳಲ್ಲಿ ರೇಣುಕಾ, ರೇಣುಕಪ್ಪ. ಧರ್ಮಸ್ಥಳಕ್ಕೆ ನಡೆದುಕೊಳ್ಳುವಲ್ಲಿ ಮಂಜುನಾಥ, ಮಂಜಪ್ಪ. ಶಿಕಾರಿಪುರದ ಸುತ್ತ ಹುಚ್ಚರಾಯಪ್ಪ. ದೇವರು ಒಬ್ಬರೇ ಆದಮೇಲೆ ಹೆಸರೂ ಒಂದೇ ಆಗುತ್ತದೆ. ತಾತನ ಹೆಸರು ಮೊಮ್ಮಗನಿಗೆ ಬರುವುದು ಬೇರೆ. ಹೆಸರು ಒಂದೇ ಆದದ್ದರಿಂದ ಈ ಹುಡುಗಿಗೆ ನೋವಾಗಿರಲಿಲ್ಲ. ಇಬ್ಬರನ್ನು ಬೇರೆ ಮಾಡಲು ಬೇರೆಯವರು ಹುಡುಕಿದ ಗುರುತಿನಿಂದ ನೋವಾಗಿತ್ತು. ಅದೂ ಅವಳನ್ನು ಒಂದು ಮಾತು ಕೇಳದೆ.

ಮಂಜಪ್ಪನವರಿಗೆ ಅವರದೇ ಹೆಸರಿನ ಇಬ್ಬರು ದೊಡ್ಡವರನ್ನು ನೆನಪಿಸಿದೆ. ಕರ್ನಾಟಕದ ಗಾಂಧಿ ಎನಿಸಿಕೊಂಡ ಹರ್ಡೇಕರ ಮಂಜಪ್ಪ ಹುಟ್ಟಿದ್ದು ಸೊರಬಕ್ಕೆ ಹತ್ತಿರದ ಬನವಾಸಿಯಲ್ಲಿ. 1956ರಲ್ಲಿ ಮುಖ್ಯಮಂತ್ರಿಯಾದ ಕಡಿದಾಳ್ ಮಂಜಪ್ಪ ತೀರ್ಥಹಳ್ಳಿ ಸೀಮೆಯವರು. ಇಬ್ಬರನ್ನೂ ಯಾರೂ ಕಲೆಸಿಕೊಳ್ಳುವುದಿಲ್ಲ. ಹೆಸರಿನ ಹಿಂದೆ ಕಡಿದಾಳ್ ಎಂದರೆ ಆ ಊರು, ಆ ಮನೆ ಕಣ್ಣ ಮುಂದೆ ಬರುತ್ತದೆ. ಕಾಗೋಡು ತಿಮ್ಮಪ್ಪನವರೂ ಹಾಗೆಯೇ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರಿನ ಮೊದಲ ಅಕ್ಷರವೇ ಊರಿನದು, ಅದು ಕುವೆಂಪು ಎಂಬುದರೊಳಗೂ ಉಳಿದಿದೆ. ನಮ್ಮ ಹಿರಿಯರು ಈ ತೊಡಕಿಗೆ ಮೊದಲೇ ಒಳ್ಳೆಯ ದಾರಿ ಮಾಡಿಟ್ಟಿದ್ದಾರೆ, ಅಲ್ವಾ?

"ನಿನ್ನನ್ನು ಏನಂತ ಕರೆದರೆ ನಿನಗೆ ಇಷ್ಟ?" ಎಂದು ರೇಣುಕಾಳನ್ನು ಕೇಳಿದೆ. ಆ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಯೋಚಿಸಲು ಒಂದು ವಾರ ತೆಗೆದುಕೊಂಡಳು.

ಆ ವಾರ ಎರಡೂ ಮನೆಯವರ ಒಪ್ಪಿಗೆ ಪಡೆದು ಇನ್ನೊಬ್ಬ ರೇಣುಕಾಳನ್ನೂ ಕಂಡೆ. ಅವಳಿಗೆ ಖುಷಿಯೇ ಇರಬೇಕು ಎಂದುಕೊಂಡಿದ್ದೆ. ಅವಳು ಹೇಳಿದ್ದೇ ಬೇರೆ. "ನನ್ನನ್ನ ಬಿಳಿ ಅಂದಾಗಲೆಲ್ಲ ಎಲ್ಲರೂ ತಿರುಗಿ ಅವಳನ್ನ ನೋಡ್ತಾರೆ ಮೇಡಂ. ನನಗೆ ಅವಳ ಹತ್ರ ಮಾತಾಡೋಕೇ ಮುಖ ಇಲ್ಲ." ಎರಡು ಬೆಂಚು ದೂರದಲ್ಲಿ ಕೂತ ಈ ಮಕ್ಕಳು ಮೂರು ತಿಂಗಳು ಒಬ್ಬರಿಗೊಬ್ಬರು ಹೆದರಿಕೊಂಡೇ ಕಳೆದಿದ್ದರು. ನನ್ನ ಕೊಠಡಿಯಲ್ಲಿ ಒಟ್ಟಿಗೆ ಕೂರಿಸಿದಾಗ ಇವಳು ತನ್ನೂರಿನ ಹೆಸರು ಸೇರಿಸಿ "ಉಳವಿ ರೇಣುಕಾ" ಎಂದಳು, ಅವಳು "ಹಂಗಾದ್ರೆ ನಾನು ರಿಪ್ಪನ್‌ಪೇಟೆ ರೇಣುಕಾ" ಎಂದಳು.

ಆಮೇಲೆ ಕಾಲೇಜಿಗೆ ಹೋಗಿ ಪ್ರಾಂಶುಪಾಲರ ಜೊತೆ ಮಾತಾಡಿದೆ. ಬಣ್ಣ, ಮೈಕಟ್ಟು, ಜಾತಿ, ಅಂಗದ ಊನ, ಇವು ಯಾವುದನ್ನೂ ಹಿಡಿದು ಮಕ್ಕಳನ್ನು ಕರೆಯಬಾರದು, ಮಕ್ಕಳು ಕರೆದರೆ ಅಲ್ಲೇ ತಡೆಯಬೇಕು ಎಂದೆ. ಆ ಉಪನ್ಯಾಸಕರು ತರಗತಿಯ ಎದುರು ನಿಂತು, "ಅವತ್ತು ನಾನು ಹಾಗೆ ಅಂದಿದ್ದು ತಪ್ಪು" ಎಂದು ಹೇಳಿದರು. ಹಾಜರಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಎರಡೂ ಊರಿನ ಹೆಸರು ಬರೆದುಕೊಂಡರು. ಅವರ ಮೇಲೆ ನನಗೆ ಗೌರವ ಜಾಸ್ತಿಯಾಯಿತು.

ಹೆಸರು ಬದಲಿಸುವ ಮಾತಿಗೆ ನಾನು ಬೇಡ ಎನ್ನಲಿಲ್ಲ. 18 ತುಂಬಿದ ಮೇಲೂ ಬೇಕು ಅನ್ನಿಸಿದರೆ ಅಫಿಡವಿಟ್, ಪತ್ರಿಕೆ ಪ್ರಕಟಣೆ, ಗೆಜೆಟ್ ಎಂದು ಓಡಾಟ ಇರುತ್ತದೆ, ಆದರೆ ಆಗದ ಕೆಲಸವಲ್ಲ ಎಂದೆ. ಸದ್ಯ ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ ಬಂದಾಗ ಇಬ್ಬರೂ ಹೆಸರೊಂದನ್ನೇ ನೋಡದೆ ನೋಂದಣಿ ಸಂಖ್ಯೆ, ತಾಯಿಯ ಹೆಸರು, ಹುಟ್ಟಿದ ದಿನಾಂಕ ತಾಳೆ ನೋಡಿಕೊಳ್ಳಲಿ ಎಂದು ಹೇಳಿದೆ. ಒಂದೇ ಹೆಸರು, ಒಂದೇ ಇನಿಶಿಯಲ್ ಇದ್ದಾಗ ಕಾಗದ ಅದಲುಬದಲಾಗುವುದು ಸುಲಭ. ಆಮೇಲೆ ಸರಿಪಡಿಸಲು ಕಚೇರಿ ಅಲೆಯಬೇಕಾಗುತ್ತದೆ.

ಒಟ್ಟು ಆರು ಭೇಟಿಗಳಾದವು. ಕಾಲೇಜಿಗೆ ಹೋಗುತ್ತಿದ್ದಾಳೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಈಗಲೂ ಹಳೇ ಹೆಸರಲ್ಲೇ ಕರೆಯುತ್ತಾನಂತೆ. ಇವಳು ತಿರುಗುವುದಿಲ್ಲ, ರಿಪ್ಪನ್‌ಪೇಟೆ ರೇಣುಕಾ ಎದ್ದು ನಿಂತು ಅವನನ್ನು ಕೇಳುತ್ತಾಳಂತೆ. ಮುಖ ತೊಳೆಯುವುದು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಡಬ್ಬಿ ಅದೇ ಇದೆ.

ಹೋದ ತಿಂಗಳು ಅವಳ ಮನೆಗೆ ಫೋನ್ ಮಾಡಿದ್ದೆ. ಗಂಡಸಿನ ದನಿ ಬಂತು. ಯಾರು ಮಾತಾಡ್ತಿರೋದು ಎಂದು ಕೇಳಿದೆ.

"ನಾನು ಮೇಡಂ, ತೋಟದಮನೆ ಮಂಜಪ್ಪ."