ಎತ್ತರದ ಮರ ಇಲ್ಲದಿದ್ದರೂ ಅದು ಕಾಡೇ

ಶಿರಾ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರ ಪತ್ರ ಬಂದಿದೆ. ಅವರು ಕೇಳುತ್ತಾರೆ: "ಹಳೆಯ ಕಾಡು ಉಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅದು ಮಲೆನಾಡಿಗೆ ಸರಿ. ನಮ್ಮ ಬುಕ್ಕಾಪಟ್ಟಣದ ಕಡೆ ಇರುವುದು ಕುರುಚಲು, ಕಲ್ಲು, ಮುಳ್ಳು. ಅದನ್ನು ಕಾಯುವ ಬದಲು ಸಸಿ ನೆಟ್ಟು ನಿಜವಾದ ಕಾಡು ಬೆಳೆಸಬಾರದೇ? ಚಿರತೆ ಕುರಿ ಹೊತ್ತೊಯ್ದಾಗ ನಮ್ಮ ಕಷ್ಟ ಕೇಳುವವರು ಯಾರು?"

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರದಲ್ಲಿ ಸಿಟ್ಟಿದೆ, ಆ ಸಿಟ್ಟಿಗೆ ಕಾರಣವೂ ಇದೆ. ಆದರೆ 'ನಿಜವಾದ ಕಾಡು' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ಮಳೆ ಕಡಿಮೆ, ಮಣ್ಣು ತೆಳು. ಇಷ್ಟರಲ್ಲೇ ಬದುಕಲು ಕಲಿತ ಗಿಡಗಳು ಕಮರ, ದಿಂಡಗ, ಕಗ್ಗಲಿ, ಕಾರೆ, ಕವಳೆ. ಇವನ್ನು ಯಾರೂ ನೆಟ್ಟಿದ್ದಲ್ಲ. ನಮ್ಮೂರುಗಳು ಹುಟ್ಟುವ ಮೊದಲೇ ಇದ್ದವು. ಮರ ಎತ್ತರ ಇಲ್ಲ ಅಂದ ಮಾತ್ರಕ್ಕೆ ಕಾಡು ಹೊಸದಾಗುತ್ತದೆಯೇ?

ನಿಮ್ಮ ಬುಕ್ಕಾಪಟ್ಟಣವನ್ನೇ ನೋಡಿ. 2019ರಲ್ಲಿ ಅಲ್ಲಿನ ಸುಮಾರು 136 ಚದರ ಕಿಲೋಮೀಟರ್ ಕಾಡು ಚಿಂಕಾರ ವನ್ಯಧಾಮವಾಯಿತು. ಚಿಂಕಾರ ಜಿಂಕೆಯಂಥ, ಸಣ್ಣ ಮೈಯ, ನಾಚಿಕೆಯ ಪ್ರಾಣಿ. ಎಲೆ, ಹಣ್ಣುಗಳಲ್ಲಿರುವ ನೀರಿನಲ್ಲೇ ಎಷ್ಟೋ ದಿನ ತಳ್ಳುತ್ತದೆ. ಮಲೆನಾಡಿನ ದಟ್ಟ ಕಾಡಿಗೆ ಬಿಟ್ಟರೆ ಅದು ಉಳಿಯುವುದಿಲ್ಲ. ಅದಕ್ಕೆ ಬೇಕಿರುವುದು ನೀವು ಬೇಡ ಅಂದ ಆ ಮುಳ್ಳುಕಂಟಿಯೇ. ನಾಲ್ಕು ಕೊಂಬಿನ ಕಾಡುಪ್ರಾಣಿ ಕೊಂಡಕುರಿಯೂ ಅಲ್ಲೇ ಇದೆ.

ಮಧುಗಿರಿಯ ಮೈದನಹಳ್ಳಿ ಹುಲ್ಲುಗಾವಲಿನ ಕಥೆಯೂ ಅದೇ. ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ಎಂದು 2007ರಲ್ಲಿ ಘೋಷಿಸಿದ 798 ಎಕರೆ ಅದು. ದೂರದಿಂದಲೇ ಶತ್ರುವನ್ನು ಕಂಡು ಓಡುವುದು ಕೃಷ್ಣಮೃಗ ಉಳಿಯುವ ದಾರಿ. ಒಳ್ಳೆಯ ಮನಸ್ಸಿನಿಂದಲೇ ಅಲ್ಲಿ ಒತ್ತಾಗಿ ಮರ ಬೆಳೆಸಿದೆವು ಅನ್ನಿ, ಆ ದಾರಿಯನ್ನೇ ಮುಚ್ಚಿದ ಹಾಗೆ, ಅಲ್ವಾ?

ಒಮ್ಮೆ ಮಧುಗಿರಿ ಕಡೆಯ ಗುಡ್ಡದಲ್ಲಿ ಬೆಳಗ್ಗೆ ನಡೆಯುತ್ತಿದ್ದೆ. ದಾರಿ ಪಕ್ಕದ ಹುತ್ತದ ಬುಡ ಕಿತ್ತುಹೋಗಿತ್ತು. ಉಗುರು ಎಳೆದ ಗೆರೆಗಳಲ್ಲಿ ಮಣ್ಣು ಇನ್ನೂ ಹಸಿಯಾಗಿತ್ತು. ಕರಡಿಗೆ ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದ ಧೂಳು ಊದಿ, ಗೆದ್ದಲನ್ನು ಸೊರ್ ಎಂದು ಎಳೆದುಕೊಳ್ಳುತ್ತದೆ. ನಾಲ್ಕು ಹೆಜ್ಜೆ ಆಚೆ ಅದರ ಲದ್ದಿ ಬಿದ್ದಿತ್ತು. ತುಂಬಾ ಕಕ್ಕೆ ಬೀಜ. ಬಗ್ಗಿ ನೋಡುತ್ತಾ ತುಂಬಾ ಹೊತ್ತು ಕೂತುಬಿಟ್ಟೆ. ನಾವು ಸಸಿ ನೆಡಲು ಗುಂಡಿ ತೆಗೆಯುತ್ತೇವೆ, ನೀರು ಹೊರುತ್ತೇವೆ. ಆ ಗುಡ್ಡದಲ್ಲಿ ಕರಡಿ ಆ ಕೆಲಸವನ್ನು ಸುಮ್ನೆ ಮಾಡಿಕೊಂಡು ಹೋಗುತ್ತಿದೆ.

ಇನ್ನು ಕುರಿ ವಿಚಾರ. ಒಂದು ಕುರಿ ಹೋದರೆ ಮನೆಯ ಲೆಕ್ಕವೇ ತಪ್ಪುತ್ತದೆ, ನನಗೆ ಗೊತ್ತು. ಸತ್ತ ಕುರಿಯನ್ನು ಸರಿಸದೆ ಅರಣ್ಯ ಇಲಾಖೆಗೆ ತಿಳಿಸಿ, ಫೋಟೋ ತೆಗೆದಿಡಿ, ಪರಿಹಾರಕ್ಕೆ ಅರ್ಜಿ ಕೊಡಿ. ಆ ದುಡ್ಡು ತಡವಾಗಿ ಬಂದರೆ ಕಾಡಿನ ಮೇಲೆ ಪ್ರೀತಿ ಇರಲಿ ಅಂತ ಯಾವ ಬಾಯಲ್ಲಿ ಹೇಳುವುದು? ಇದನ್ನು ನಮ್ಮ ಪತ್ರಿಕೆ ಕೇಳುತ್ತಲೇ ಇರುತ್ತದೆ. ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ: ರೊಪ್ಪಕ್ಕೆ ಎತ್ತರದ ಬೇಲಿ, ಮೇಲೊಂದು ಜಾಲರಿ ಹಾಕಿಸಲು ಊರಿನವರಿಗೆ ಹೇಳಿ. ಸತ್ತ ಕುರಿಗೆ ವಿಷ ಹಾಕುವುದನ್ನು ಮಾತ್ರ ಯಾರಿಗೂ ಬಿಡಬೇಡಿ.

ಇನ್ನೊಂದು ಮಾತು. ಬೇಸಿಗೆಯಲ್ಲಿ ಹೊಸ ಹುಲ್ಲು ಬರಲಿ ಎಂದು ಗುಡ್ಡಕ್ಕೆ ಬೆಂಕಿ ಇಡುವವರಿದ್ದಾರೆ. ಎಳೆ ಗಿಡ, ನೆಲದ ಮೇಲಿನ ಗೂಡು, ಮರಿ ಎಲ್ಲವೂ ಹೋಗುತ್ತವೆ. ನಿಮ್ಮ ಮಾತು ಕೇಳುವ ಹಳೇ ವಿದ್ಯಾರ್ಥಿಗಳು ಆ ಊರುಗಳಲ್ಲಿ ಜಾಸ್ತಿ ಇದ್ದಾರೆ. ನಾನು ಹತ್ತು ಲೇಖನ ಬರೆಯುವುದಕ್ಕಿಂತ ನೀವು ಒಮ್ಮೆ ಗದರಿಸಿದರೆ ಕೆಲಸ ಆಗುತ್ತದೆ.

ಸಸಿ ನೆಡುವ ಆಸೆಯನ್ನು ಖಂಡಿತ ಬಿಡಬೇಡಿ. ಕೆರೆ ಏರಿ, ಶಾಲೆಯ ಅಂಗಳ, ರಸ್ತೆ ಬದಿ ಖಾಲಿ ಇವೆ. ಹುಣಸೆ, ಹೊಂಗೆ ನೆಡೋಣ. ನಿಮ್ಮ ತಾಲ್ಲೂಕಿನ ಕಗ್ಗಲಡುವಿನಲ್ಲಿ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮೊದಲ ಮಳೆ ಬಿದ್ದ ಮೇಲೆ ದಿನ ಗೊತ್ತುಮಾಡಿ ಒಂದು ಕಾರ್ಡು ಹಾಕಿ. ಗುದ್ದಲಿ ಹಿಡಿದು ನಾನೂ ಬರುತ್ತೇನೆ.

— ಸಂಪಾದಕ