ಸರ್ಟಿಫಿಕೇಟಿಗಾಗಿ ಅಮ್ಮನ ಬಳೆ ಅಡವಿಡಬೇಕಾ?

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಉಪ್ಪಳ ಕಡೆಯ ಹುಡುಗಿ, ವಯಸ್ಸು 23. ಕನ್ನಡ ಮಾಧ್ಯಮದಲ್ಲಿ ಓದಿ, ಬಿಕಾಂ ಮುಗಿಸಿ ಒಂದು ಟ್ರಾವೆಲ್ಸ್‌ನಲ್ಲಿ ಕೆಲಸಕ್ಕಿದ್ದಾಳೆ. ಗಲ್ಫಿಗೆ ಹೋಗಿ ಬರುವವರ ಟಿಕೆಟ್ ಮಾಡುವುದು ಅವಳೇ. ಒಂದು ದಿನ ಗಿರಾಕಿಯೊಬ್ಬರು "ನಿಮಗೆ ಲೈಸೆನ್ಸ್ ಉಂಟಾ?" ಅಂತ ಕೇಳಿದರು. ಅಂದಿನಿಂದ ನಿದ್ದೆ ಇಲ್ಲ. ನನ್ನ ಬಳಿ ಬಂದು ಕೇಳಿದಳು: "ಮೇಡಂ, ನಾನು ಜನರಿಗೆ ಮೋಸ ಮಾಡ್ತಿದ್ದೇನಾ?"

ಅಷ್ಟರಲ್ಲಿ ಒಂದು ತರಬೇತಿ ಕೇಂದ್ರದವರು "ಅಯಾಟಾ ಲೈಸೆನ್ಸ್, ಕೆಲಸ ಗ್ಯಾರಂಟಿ" ಎಂದು ದೊಡ್ಡ ಫೀಸ್ ಹೇಳಿದ್ದರು. ಮನೆಯಲ್ಲಿ ಅಮ್ಮನ ಬಳೆ ಅಡವಿಡುವ ಮಾತು ನಡೆದಿತ್ತು.

ಬ್ಯಾಗಿನಲ್ಲಿದ್ದ ನೋಟ್‌ಬುಕ್ ತೋರಿಸು ಎಂದೆ. ಐಎಕ್ಸ್‌ಇ ಮಂಗಳೂರು, ಸಿಎನ್‌ಎನ್ ಕಣ್ಣೂರು, ಡಿಎಕ್ಸ್‌ಬಿ ದುಬೈ. ಪುಟಗಟ್ಟಲೆ ವಿಮಾನ ನಿಲ್ದಾಣಗಳ ಕೋಡ್‌ಗಳು. ಪಾಸ್‌ಪೋರ್ಟಿನ ಹೆಸರಲ್ಲಿ ಒಂದಕ್ಷರ ತಪ್ಪಿದರೆ ಏನಾಗುತ್ತದೆ ಅಂತ ಕೇಳಿದೆ. ತಡವರಿಸದೆ ವಿವರಿಸಿದಳು. ಇವಳಿಗೆ ಕೆಲಸ ಗೊತ್ತು. ಹೆದರಿಕೆ ಇರುವುದು ಕೋರ್ಸಿನ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯುವ ಬಗ್ಗೆ, ಅದನ್ನೂ ಆಮೇಲೆ ಒಪ್ಪಿಕೊಂಡಳು.

ನಾನು ಹೇಳಿದ್ದು ಇಷ್ಟು. ಅಯಾಟಾ ಎಂದರೆ 1945ರಲ್ಲಿ ಶುರುವಾದ ವಿಮಾನ ಕಂಪನಿಗಳ ಸಂಘ. ಅದರ ಮಾನ್ಯತೆ ಸಿಗುವುದು ಏಜೆನ್ಸಿಗೆ. ವ್ಯಕ್ತಿಗೆ ಸಿಗುವುದು ಕೋರ್ಸ್ ಪಾಸಾದ ಡಿಪ್ಲೊಮಾ, ಲೈಸೆನ್ಸ್ ಅಲ್ಲ. ಏಜೆನ್ಸಿಯ ಕೌಂಟರಿನಲ್ಲಿ ಕೂತು ಟಿಕೆಟ್ ಮಾಡುವ ನೌಕರರಿಗೆ ನಮ್ಮ ದೇಶದಲ್ಲಿ ಅಂಥ ಲೈಸೆನ್ಸೇ ಇಲ್ಲ. ಹಾಗಾಗಿ ಮೋಸದ ಮಾತೇ ಬರುವುದಿಲ್ಲ.

ಆದರೂ ಡಿಪ್ಲೊಮಾ ಮಾಡು ಎಂದೆ. ಮಂಗಳೂರಿನಲ್ಲೋ ದುಬೈಯಲ್ಲೋ ಕೆಲಸ ಹುಡುಕುವಾಗ ಅದಕ್ಕೆ ಬೆಲೆ ಇದೆ. ಮೊದಲು ಈಗಿನ ಆಫೀಸಿನಲ್ಲೇ ಟಿಕೆಟ್ ಬುಕಿಂಗಿನ ಸಾಫ್ಟ್‌ವೇರ್‌ಗಳಾದ ಅಮೆಡಿಯಸ್ ಅಥವಾ ಗೆಲಿಲಿಯೊ ಕೈಗೆ ಹತ್ತಲಿ. ದಿನಾ ಬಳಸುವ ಪದಗಳೇ ಪರೀಕ್ಷೆಯಲ್ಲೂ ಬರುತ್ತವೆ, ಇಂಗ್ಲಿಷ್ ಭಯ ಅರ್ಧ ಅಲ್ಲೇ ಇಳಿಯುತ್ತದೆ. ಅಯಾಟಾ ಕೋರ್ಸಿಗೆ ನೇರವಾಗಿ ಸೇರಿ ಮನೆಯಲ್ಲೇ ಓದಬಹುದು. ಕೇಂದ್ರಕ್ಕೇ ಸೇರುವುದಾದರೆ ಅದು ಅಯಾಟಾದ ಅಧಿಕೃತ ಪಟ್ಟಿಯಲ್ಲಿದೆಯಾ, ಪರೀಕ್ಷಾ ಫೀಸ್ ಸೇರಿದೆಯಾ ಅಂತ ಬರೆದುಕೊಡಲು ಹೇಳು. ಬರೆದುಕೊಡದಿದ್ದರೆ ಎದ್ದು ಬಾ. ಬಳೆ ಮನೆಯಲ್ಲೇ ಇರಲಿ, ಸಂಬಳದಲ್ಲಿ ತಿಂಗಳು ತಿಂಗಳು ಕೂಡಿಡು.

ಲೈಸೆನ್ಸ್ ನಿಜಕ್ಕೂ ಬೇಕಾಗುವುದು ಬೇರೆ ಕಡೆ. ವಿದೇಶಕ್ಕೆ ಕೆಲಸಕ್ಕೆ ಜನ ಕಳಿಸಲು 1983ರ ವಲಸೆ ಕಾಯ್ದೆ ಪ್ರಕಾರ ನೋಂದಣಿ ಬೇಕೇ ಬೇಕು. ನಮ್ಮ ಕಾಸರಗೋಡಿನಲ್ಲಿ "ವೀಸಾ ಉಂಟು, ಆಳು ಹುಡುಕಿ ಕೊಡು, ಕಮಿಷನ್ ಕೊಡ್ತೇನೆ" ಎನ್ನುವವರಿಗೆ ಕೊರತೆ ಇಲ್ಲ. ಅಂಥವರು ಕೌಂಟರಿಗೆ ಬಂದರೆ ನೋಂದಣಿ ಸಂಖ್ಯೆ ಕೇಳು, ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡು. ಅದು ಸಿಗದಿದ್ದರೆ, ಹೇಳಿದವರು ಸ್ವಂತ ಭಾವನೇ ಆಗಿದ್ದರೂ, ಒಬ್ಬರ ಪಾಸ್‌ಪೋರ್ಟನ್ನೂ ಕೈಗೆ ತಗೊಳ್ಬೇಡ ಎಂದೆ.