ಮಾರ್ಕನ ಕೊನೆಯ ಹನ್ನೆರಡು ವಚನಗಳು

ಚಿಕ್ಕಮಗಳೂರಿನಲ್ಲಿರುವ ನನ್ನ ಆಪ್ತಸಲಹಾ ಕೊಠಡಿಗೆ ಕಳೆದ ಮಳೆಗಾಲದಲ್ಲಿ ಬಂದ 26 ವರ್ಷದ ಯುವಕನ ಪ್ರಕರಣವಿದು. ಅವನ ಮತ್ತು ಅವನ ತಂದೆಯ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ನಿದ್ದೆ ಬರುತ್ತಿಲ್ಲ ಎಂಬುದು ಅವನು ಹೇಳಿದ ದೂರು. ಕಾರಣ ಕೇಳಿದಾಗ ಚೀಲದಿಂದ ದಪ್ಪನೆಯ ನೋಟುಬುಕ್ಕೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಬೈಬಲಿನ ಹೊಸ ಒಡಂಬಡಿಕೆಯ ಪಾಠಾಂತರಗಳನ್ನು, ಅಂದರೆ ಹಳೆಯ ಪ್ರತಿಗಳ ನಡುವೆ ಮಾತುಗಳು ಬೇರೆಯಾಗುವ ಕಡೆಗಳನ್ನು, ಅಧ್ಯಾಯ, ವಚನದ ಸಮೇತ ಅದರಲ್ಲಿ ಪಟ್ಟಿ ಮಾಡಿದ್ದ. ಕೆಲವೆಡೆ ಗೆರೆಯ ಮೇಲೆ ಗೆರೆ ಎಳೆದು ಹಾಳೆಯೇ ಹರಿದಿತ್ತು. ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಸಿದ್ಧಪಡಿಸುವಾಗ, ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯ 16ನೆಯ ಅಧ್ಯಾಯದ 9ರಿಂದ 20ರವರೆಗಿನ ವಚನಗಳು ಅತ್ಯಂತ ಹಳೆಯ ಕೆಲವು ಪ್ರತಿಗಳಲ್ಲಿ ಇಲ್ಲವೆಂಬ ಅಡಿಟಿಪ್ಪಣಿ ಅವನ ಕಣ್ಣಿಗೆ ಬಿದ್ದಿತ್ತು. ಚರ್ಚಿನ ಸಭೆಯ ಹಿರಿಯರೂ ಆಗಿರುವ ತಂದೆಯನ್ನು ಕೇಳಿದರೆ, "ದೇವರ ವಾಕ್ಯದಲ್ಲಿ ಒಂದಕ್ಷರವೂ ಬದಲಾಗಿಲ್ಲ, ಆ ಮಾತು ಈ ಮನೆಯಲ್ಲಿ ಬೇಡ" ಎಂದು ಎದ್ದುಹೋದರಂತೆ. ಅಂದಿನಿಂದ ಇವನು ಪಾಠ ಹೇಳುವುದನ್ನೂ, ಅಪ್ಪನ ಜೊತೆ ಊಟಕ್ಕೆ ಕೂರುವುದನ್ನೂ ಬಿಟ್ಟಿದ್ದ.

ಮೊದಲ ಎರಡು ಭೇಟಿಗಳಲ್ಲಿ ತಪ್ಪು ಮಾಡಿದವಳು ನಾನು. ವಿಷಯ ಅಷ್ಟಿಷ್ಟು ಗೊತ್ತಿದ್ದುದರಿಂದ ಉತ್ತರ ಕೊಡಲು ಹೊರಟೆ. ಸುವಾರ್ತೆಕಾರರ ಸ್ವಹಸ್ತದ ಪ್ರತಿ ಒಂದೂ ಉಳಿದಿಲ್ಲವಾದರೂ ಗ್ರೀಕ್ ಭಾಷೆಯ ಹಸ್ತಪ್ರತಿಗಳು 5,000ಕ್ಕೂ ಹೆಚ್ಚಿವೆ, ಅಂಗೈಯಗಲದ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ಚೂರೊಂದರಲ್ಲಿ ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯದ ಕೆಲವು ಸಾಲುಗಳಿದ್ದು ಅದನ್ನು ಸಾಮಾನ್ಯವಾಗಿ 2ನೆಯ ಶತಮಾನದ್ದೆಂದು ಎಣಿಸುತ್ತಾರೆ, ಪ್ರತಿಗಳ ನಡುವಿನ ವ್ಯತ್ಯಾಸಗಳು ಲಕ್ಷಗಟ್ಟಲೆ ಇದ್ದರೂ ಬಹುಪಾಲು ಕಾಗುಣಿತದವು ಅಥವಾ ಪದಗಳು ಹಿಂದುಮುಂದಾದವು ಎಂದೆಲ್ಲ ವಿವರಿಸಿದೆ. ದೊಡ್ಡ ವ್ಯತ್ಯಾಸಗಳನ್ನೂ ಮುಚ್ಚಿಡಲಿಲ್ಲ: ಮಾರ್ಕನ ಆ ಹನ್ನೆರಡು ವಚನಗಳು 4ನೆಯ ಶತಮಾನದ ಸಿನೈಟಿಕಸ್, ವ್ಯಾಟಿಕನಸ್ ಎಂಬ ಗ್ರೀಕ್ ಬೈಬಲ್ ಪ್ರತಿಗಳೆರಡರಲ್ಲೂ ಇಲ್ಲ, ಯೋಹಾನನ ಸುವಾರ್ತೆಯ, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಂಗವೂ ಅವುಗಳಲ್ಲಿಲ್ಲ. ಅವನು ಹಗುರಾಗಿ ಮನೆಗೆ ಹೋಗುತ್ತಿದ್ದ, ರಾತ್ರಿ ಎರಡು ಗಂಟೆಗೆ ಇನ್ನೊಂದು ವಚನದ ಬಗ್ಗೆ ಸಂದೇಶ ಕಳಿಸುತ್ತಿದ್ದ. ನಾನು ಕೊಟ್ಟ ಸಮಾಧಾನವೇ ಅವನ ಚಡಪಡಿಕೆಗೆ ಗೊಬ್ಬರವಾಗುತ್ತಿತ್ತು.

ಮೂರನೆಯ ಭೇಟಿಯಲ್ಲಿ ವಿಷಯವನ್ನು ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿದೆ: "ನಾಳೆ ಮೂಲಪ್ರತಿಯೇ ಸಿಕ್ಕಿತೆಂದುಕೊಳ್ಳಿ, ನಿದ್ದೆ ಬರುತ್ತದೆಯೇ?" ಬಹಳ ಹೊತ್ತು ಸುಮ್ಮನಿದ್ದು, "ಇಲ್ಲ ಮೇಡಂ, ಅದರ ಅರ್ಥ ಏನು ಅಂತ ಮತ್ತೆ ಶುರುವಾಗುತ್ತೆ. ಅಪ್ಪ ಆಗಲೂ ಎದ್ದುಹೋಗ್ತಾರೆ" ಎಂದ. ಪಠ್ಯ ಏನಿತ್ತು ಎಂಬುದು ಒಂದು ಪ್ರಶ್ನೆ, ಅದನ್ನು ಹೇಗೆ ಅರ್ಥೈಸಬೇಕು ಎಂಬುದು ಇನ್ನೊಂದು, ಅಪ್ಪ ತನ್ನ ಮಾತನ್ನು ಕೇಳಿಸಿಕೊಳ್ಳುವರೇ ಎಂಬುದು ಮೂರನೆಯದು. ನೋಟುಬುಕ್ಕಿನಲ್ಲಿ ಮೂರೂ ಒಂದಾಗಿ ಹೆಣೆದುಕೊಂಡಿದ್ದವು.

ಸಲಹೆ ಇಷ್ಟು. ನೋಟುಬುಕ್ಕು ಸಂಜೆ ಆರರಿಂದ ಏಳರವರೆಗೆ ಮಾತ್ರ ತೆರೆಯಬೇಕು. ರಾತ್ರಿ ಎದ್ದ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದಿಟ್ಟು ಮಲಗಬೇಕು, ಉತ್ತರ ಹುಡುಕಬಾರದು. ಪಾಠಾಂತರಗಳ ಚರ್ಚೆಗೆ ನಾನಲ್ಲ, ಗ್ರೀಕ್ ಓದಿದ ಸಭಾಪಾಲಕರೊಬ್ಬರು ತಕ್ಕವರು; ಅವರ ಬಳಿಗೆ ಕಳಿಸಿದೆ. ಎರಡು ವಾರವಾದರೂ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದೂ ಹೇಳಿದ್ದೆ, ಅದರ ಅಗತ್ಯ ಬೀಳಲಿಲ್ಲ.

ತಂದೆಯನ್ನು ಒಮ್ಮೆ ಕರೆಸಿದೆ. ಮೂವತ್ತು ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದವರು. ಮೇಸ್ತ್ರಿ ಕೊಟ್ಟ ಚೀಟಿ ಮಳೆಯಲ್ಲಿ ನೆನೆದುಹೋದರೆ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಹೇಗೆ ಬರೆಯುತ್ತಿದ್ದಿರಿ ಎಂದು ಕೇಳಿದಾಗ, ಮೇಸ್ತ್ರಿಯ ನೆನಪು, ಎಸ್ಟೇಟಿನ ಇತರ ಪುಸ್ತಕ, ಆಳುಗಳ ಮಾತು ಮೂರನ್ನೂ ತಾಳೆ ನೋಡುತ್ತಿದ್ದೆವು ಎಂದರು. ಹಳೆಯ ಪ್ರತಿಗಳನ್ನು ತಾಳೆ ನೋಡುವುದೂ ಹೀಗೆಯೇ ಎಂದೆ. ಮಗ ತಕ್ಷಣ, "ಅದು ಕೂಲಿ ಲೆಕ್ಕ ಅಪ್ಪ, ದೇವರ ಮಾತಲ್ಲ" ಎಂದ. ಅವನ ಆಕ್ಷೇಪ ನ್ಯಾಯವೇ. ಅದಕ್ಕೇ ಇಬ್ಬರಿಗೂ ಹಳೆಯ ಒಡಂಬಡಿಕೆಯ ಪ್ರವಾದಿ ಯೆರೆಮೀಯನ ಗ್ರಂಥದ 36ನೆಯ ಅಧ್ಯಾಯ ಓದಲು ಹೇಳಿದೆ. ಅಲ್ಲಿ ಅರಸನಾದ ಯೆಹೋಯಾಕೀಮನು ಪ್ರವಾದಿಯ ಸುರುಳಿಯನ್ನು ಓದಿಸಿಕೊಂಡಷ್ಟು ಓದಿಸಿಕೊಂಡಷ್ಟು ಕೊಯ್ದು ಅಗ್ಗಿಷ್ಟಿಕೆಗೆ ಎಸೆಯುತ್ತಾನೆ. ಪ್ರವಾದಿಯ ಲಿಪಿಕಾರನಾದ ಬಾರೂಕನು ಎರಡನೆಯ ಸುರುಳಿಯನ್ನು ಬರೆಯುತ್ತಾನೆ, ಅದರಲ್ಲಿ ಇನ್ನೂ ಅನೇಕ ಮಾತುಗಳು ಸೇರುತ್ತವೆ. ಮೂಲಪ್ರತಿ ಸುಟ್ಟುಹೋದ ಸಂಗತಿಯನ್ನು ಗ್ರಂಥವೇ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತದೆ ಎಂಬುದು ತಂದೆಗೆ ಹೊಸದಾಗಿ ಕಂಡಿತು.

ಕೊನೆಯ ಭೇಟಿಗೆ ಇಬ್ಬರೂ ಬಂದಿದ್ದರು. ಹಿಂದಿನ ಭಾನುವಾರ ಸಂಜೆ ಮಾರ್ಕನ ಸುವಾರ್ತೆಯನ್ನು 16ನೆಯ ಅಧ್ಯಾಯದ 8ನೆಯ ವಚನಕ್ಕೇ ನಿಲ್ಲಿಸಿ ಓದಿದ್ದರಂತೆ. ಹೆಂಗಸರು ಹೆದರಿ ಸಮಾಧಿಯ ಬಳಿಯಿಂದ ಓಡಿಹೋದರು, ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೆ ಅದು ಮುಗಿಯುತ್ತದೆ. "ಯಾರಿಗೂ ಹೇಳದಿದ್ದರೆ ಮಾರ್ಕನಿಗೆ ಹೇಗೆ ಗೊತ್ತಾಯಿತು?" ಎಂದು ಈ ಬಾರಿ ಕೇಳಿದವರು ತಂದೆ. ಆ ವಾದ ಊಟದ ಹೊತ್ತಿನವರೆಗೂ ನಡೆಯಿತು, ಊಟಕ್ಕೆ ಕೂತಮೇಲೂ ಮುಗಿಯಲಿಲ್ಲವಂತೆ.